ಬಡಿದುಕೊಳ್ಳದೆ ನಿಲ್ಲುವ ಪ್ಲಾಸ್ಮಾ

ಡ್ಯಾಂ ತುಂಬಿ ಗೇಟು ಎತ್ತಿದರೆ ನಮ್ಮ ಟಿ.ಬಿ. ಡ್ಯಾಂನವರಿಗೆ ಅದೇ ಹಬ್ಬ. ಹಿಂದೊಮ್ಮೆ ಅಬ್ಬಾ ಜೊತೆ ನೋಡಲು ಹೋಗಿದ್ದೆ. ರಭಸದಿಂದ ಇಳಿದ ನೀರು ಕೆಳಗಿನ ನಿಧಾನದ ನೀರಿಗೆ ಅಪ್ಪಳಿಸಿದಲ್ಲಿ ಬಿಳಿ ನೊರೆ ಗೋಡೆಯಂತೆ ಎದ್ದಿತ್ತು. "ಅಷ್ಟು ವೇಗ ಎಲ್ಲಿ ಹೋಯ್ತು?" ಎಂದು ಅಬ್ಬಾ ಕೇಳಿದರು. "ನೀರಿನ ಕಣಗಳು ಒಂದಕ್ಕೊಂದು ಬಡಿದು ವೇಗ ಕಳೆದುಕೊಂಡವು" ಎಂದೆ. ಆ ಉತ್ತರ ನೀರಿಗೆ ಸರಿ. ಪ್ಲಾಸ್ಮಾಗೆ ಸಾಲದು ಎಂದು ಆಮೇಲೆ ಓದಿ ತಿಳಿದೆ.

ಅನಿಲವನ್ನು ಬಹಳ ಕಾಯಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಟ್ಟುಹೋಗುತ್ತವೆ. ಹೀಗೆ ಎಲೆಕ್ಟ್ರಾನ್ ಮತ್ತು ಅಯಾನುಗಳು ಬೇರೆಬೇರೆಯಾಗಿ ಓಡಾಡುವ ಸ್ಥಿತಿಯೇ ಪ್ಲಾಸ್ಮಾ. ಸೂರ್ಯ, ಸಿಡಿಲು, ವೆಲ್ಡಿಂಗ್ ಆರ್ಕ್ ಎಲ್ಲವೂ ಅದೇ.

ಪ್ರಯೋಗಾಲಯದಲ್ಲಿ ಎರಡು ಪ್ಲಾಸ್ಮಾಗಳನ್ನು ಡಿಕ್ಕಿ ಹೊಡೆಸುವ ಒಂದು ವಿಧಾನ ಹೀಗಿದೆ. ಎರಡು ಘನ ತುಂಡುಗಳ ಮೇಲೆ ಲೇಸರ್ ಹೊಡೆದರೆ ಮೇಲ್ಪದರ ಆವಿಯಾಗಿ ಪ್ಲಾಸ್ಮಾ ಆಗಿ ಚಿಮ್ಮುತ್ತದೆ; ಎರಡೂ ನಡುವೆ ಸೇರುತ್ತವೆ. ಇಂಥ ಪ್ರಯೋಗಗಳು ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲೂ ನಡೆದಿವೆ. ವೇಗ ಕಡಿಮೆಯಿದ್ದು ಕಣಗಳು ಒತ್ತಾಗಿದ್ದರೆ ಎರಡೂ ನಡುವೆ ನಿಂತು, ರಾಶಿಬಿದ್ದು, ಹೊಳೆಯುವ ಪದರವಾಗುತ್ತವೆ.

ವೇಗ ಹೆಚ್ಚಿಸಿದರೆ ಡಿಕ್ಕಿಯೂ ಜೋರಾಗಬೇಕು ಅನ್ನಿಸುತ್ತದಲ್ಲವೇ? ಆಗುವುದು ತದ್ವಿರುದ್ಧ. ಆಲ್ಫಾ ಕಣ ಚಿನ್ನದ ಪರಮಾಣು ಬೀಜಕ್ಕೆ ಎಷ್ಟು ಹತ್ತಿರ ಹೋಗಬಲ್ಲದು ಎಂದು ದ್ವಿತೀಯ ಪಿಯುಸಿಯಲ್ಲಿ ಲೆಕ್ಕ ಮಾಡುತ್ತೇವೆ. ವೇಗ ಎರಡು ಪಟ್ಟಾದರೆ ಆ ದೂರ ನಾಲ್ಕನೇ ಒಂದು ಭಾಗ. ಕಣವೊಂದು ಇನ್ನೊಂದಕ್ಕೆ ಒಡ್ಡುವ ಗುರಿಯ ವಿಸ್ತೀರ್ಣ ದೂರದ ವರ್ಗದಂತೆ ಬದಲಾಗುವುದರಿಂದ ಅದು ಹದಿನಾರನೇ ಒಂದು ಭಾಗ. ಅಂದರೆ ವೇಗ ಇಮ್ಮಡಿಯಾದರೆ ಕಣ ಬಡಿದುಕೊಳ್ಳದೆ ಸುಮಾರು 16 ಪಟ್ಟು ದೂರ ಸಾಗುತ್ತದೆ. ಅತಿ ವೇಗದ ಪ್ಲಾಸ್ಮಾಗಳು ಒಂದರೊಳಗೊಂದು ಸುಮ್ಮನೆ ಹಾದುಹೋಗಬೇಕು.

ಆದರೆ ಸಿಡಿದ ನಕ್ಷತ್ರಗಳ ಸುತ್ತ ಪ್ಲಾಸ್ಮಾ ಎಷ್ಟೇ ವಿರಳವಾಗಿದ್ದರೂ ನೊರೆಗೋಡೆಯಂಥ ಆಘಾತ ಅಲೆಗಳಿವೆ. ಬಡಿದುಕೊಳ್ಳದೆ ಗೋಡೆ ಹೇಗೆ ಎದ್ದಿತು? ಉತ್ತರವೂ ನಮ್ಮ ಪಠ್ಯದಲ್ಲೇ ಇದೆ. ಹರಿಯುವ ಆವೇಶವೇ ವಿದ್ಯುತ್ ಪ್ರವಾಹ. ಒಂದೇ ದಿಕ್ಕಿನ ಪ್ರವಾಹಗಳು ಪರಸ್ಪರ ಸೆಳೆದು ಎಳೆಎಳೆಯಾಗಿ ಸೇರುತ್ತವೆ; ಕಾಂತಕ್ಷೇತ್ರ ಬೆಳೆಯುತ್ತದೆ; ಅದು ಕಣಗಳ ದಾರಿಯನ್ನು ತಿರುಚುತ್ತದೆ. ಇಲ್ಲಿ ಗೋಡೆ ಕಟ್ಟುವುದು ಕಾಂತಕ್ಷೇತ್ರ.

ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯ ಲೇಸರ್‌ಗಳಿಂದ ವಿಜ್ಞಾನಿಗಳು ಇದನ್ನು ಮಾಡಿ ನೋಡಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದುರುಬದುರಿನ ಇಂಗಾಲದ ತುಂಡುಗಳಿಂದ ಪ್ಲಾಸ್ಮಾ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ನುಗ್ಗಿತು. ಆಘಾತ ಅಲೆ ಎದ್ದಿತು. ಅದರಲ್ಲಿ ಸಿಕ್ಕ ಕೆಲವು ಎಲೆಕ್ಟ್ರಾನ್‌ಗಳು ಸುತ್ತಲಿನವುಗಳಿಗಿಂತ ನೂರು ಪಟ್ಟಿಗೂ ಹೆಚ್ಚು ಶಕ್ತಿ ಪಡೆದವು.

ಇದು ನಮಗೆ ದೂರದ ಸುದ್ದಿಯಲ್ಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಆ ಕಿರಣಗಳಿಗೆ ಅಷ್ಟು ಶಕ್ತಿ ಕೊಟ್ಟವರಾರು? ಸಿಡಿದ ನಕ್ಷತ್ರಗಳ ಆಘಾತ ಅಲೆಗಳೇ ಇರಬೇಕು ಎಂಬುದು ವಿಜ್ಞಾನಿಗಳ ಬಲವಾದ ನಂಬಿಕೆ. ಪ್ರಯೋಗಾಲಯದ ಡಿಕ್ಕಿ ಆ ನಂಬಿಕೆಯನ್ನು ಅಳತೆಗೆ ಒಡ್ಡುತ್ತದೆ.

ಮತ್ತೆ ಗೇಟು ಎತ್ತಿದಾಗ ಅಬ್ಬಾಗೆ ಉಳಿದರ್ಧ ಉತ್ತರ ಹೇಳಬೇಕು.