ಹಾಲಿನ ಸ್ಟೀಲ್ ಕ್ಯಾನುಗಳನ್ನು ಸುರಕ್ಷಿತವಾಗಿ ಶುಚಿಗೊಳಿಸುವ ವಿಧಾನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳು ಹೈನುಗಾರಿಕೆ ಮತ್ತು ರೇಷ್ಮೆ ಕೃಷಿ ಎರಡನ್ನೂ ಕೈಗೊಂಡಿವೆ. ಹುಳು ಸಾಕಾಣಿಕೆ ಮನೆಯ ಸೋಂಕು ನಿವಾರಣೆಗೆಂದು ತಂದ ಬ್ಲೀಚಿಂಗ್ ಪೌಡರನ್ನೇ ಹಾಲಿನ ಕ್ಯಾನಿಗೂ ಬಳಸಬಹುದೆಂದು ಭಾವಿಸುವುದು ಸರಿಯಲ್ಲ.

ಕಾರಣವೇನು?

ಹಾಲಿನ ಪಾತ್ರೆಗಳಿಗೆ ಸಾಮಾನ್ಯವಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸುಮಾರು ಶೇ. 18ರಷ್ಟು ಕ್ರೋಮಿಯಂ ಇರುತ್ತದೆ. ಇದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ತೆಳುಪದರವಾಗಿ ಲೋಹವನ್ನು ತುಕ್ಕಿನಿಂದ ಕಾಪಾಡುತ್ತದೆ. ಪ್ರಬಲ ಕ್ಲೋರಿನ್ ದ್ರಾವಣವು ಈ ಪದರವನ್ನು ಒಡೆದು ಸೂಕ್ಷ್ಮ ಗುಳಿಗಳನ್ನು ಉಂಟುಮಾಡುತ್ತದೆ. ಗುಳಿಗಳಲ್ಲಿ ಉಳಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ವೃದ್ಧಿಸಿ, ಮುಂದಿನ ಹೊತ್ತಿನ ಹಾಲು ಬೇಗ ಹುಳಿಯುತ್ತದೆ. ಹುಳಿದ ಹಾಲನ್ನು ಸಂಘದಲ್ಲಿ ತಿರಸ್ಕರಿಸಿದರೆ ನಷ್ಟ ರೈತರದೇ.

ಸಾಕಾಣಿಕೆ ಮನೆಗೆ ಬಳಸುವ ಶೇ. 2ರ ಬ್ಲೀಚಿಂಗ್ ದ್ರಾವಣದ ಪ್ರತಿ ಲೀಟರಿನಲ್ಲಿ, ಪೌಡರ್ ಶೇ. 30ರ ಗುಣಮಟ್ಟದ್ದಾಗಿದ್ದರೆ, 6 ಗ್ರಾಂ ಕ್ಲೋರಿನ್ ಇರುತ್ತದೆ. ಹಾಲಿನ ಪಾತ್ರೆಗೆ ಲೀಟರಿಗೆ 200 ಮಿಲಿಗ್ರಾಂ ಸಾಕು.

ತೊಳೆಯುವ ಕ್ರಮ

1. ಕ್ಯಾನ್ ಖಾಲಿಯಾದ ಕೂಡಲೇ ತಣ್ಣೀರಿನಿಂದ ಜಾಲಿಸಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನು ಲೋಹಕ್ಕೆ ಅಂಟಿಕೊಳ್ಳುತ್ತದೆ.

2. ಒಂದು ಲೀಟರ್ ಬಿಸಿನೀರಿಗೆ 5ರಿಂದ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಕೈಗವಸು ಧರಿಸಿ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿರಿ. ಮುಚ್ಚಳದ ರಬ್ಬರನ್ನು ಬಿಚ್ಚಿ ತೊಳೆಯಿರಿ. ಮರಳು, ಸ್ಟೀಲ್ ನಾರು ಬೇಡ. ಗೀರುಗಳಲ್ಲಿ ಕೊಳೆ ನಿಲ್ಲುತ್ತದೆ. ಅಲ್ಯೂಮಿನಿಯಂ ಕ್ಯಾನಿಗೆ ವಾಷಿಂಗ್ ಸೋಡಾ ಬಳಸಕೂಡದು. ಅದು ಲೋಹವನ್ನು ಕೊರೆಯುತ್ತದೆ.

3. ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಿಸಿದ ನಂತರ ಕುದಿಯುವ ನೀರು ತುಂಬಿ ಐದು ನಿಮಿಷ ಬಿಡಿ. ಇದು ಸಾಧ್ಯವಾಗದಿದ್ದಲ್ಲಿ, ಸುವಾಸನೆ ಬೆರೆಸದ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರ್ ನೀರಿಗೆ 4 ಮಿ.ಲೀ. ಬೆರೆಸಿ, ಎರಡು ನಿಮಿಷ ಬಿಟ್ಟು ಚೆಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ.

4. ಕ್ಯಾನನ್ನು ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ ಒಣಗಿಸಿ.

ಬಿಳಿ ಪದರ ಕಟ್ಟಿದಾಗ

ಕೊಳವೆ ಬಾವಿಯ ಗಡಸು ನೀರಿನಿಂದ ಕ್ಯಾನಿನೊಳಗೆ ಸುಣ್ಣದಂತಹ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ, ಅಂಗಡಿಯಲ್ಲಿ ನಿಂಬೆ ಉಪ್ಪೆಂದು ದೊರೆಯುವ ಸಿಟ್ರಿಕ್ ಆಮ್ಲವನ್ನು ಲೀಟರ್ ಬೆಚ್ಚಗಿನ ನೀರಿಗೆ 10 ಗ್ರಾಂ ಕರಗಿಸಿ, 15 ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಶೌಚಾಲಯ ತೊಳೆಯುವ ಆಸಿಡ್ ಬಳಸಬಾರದು.

ಎಚ್ಚರಿಕೆ

* ಬ್ಲೀಚಿಂಗ್ ದ್ರಾವಣಕ್ಕೆ ಯಾವುದೇ ಆಮ್ಲವನ್ನು ಬೆರೆಸಬೇಡಿ. ಹೊರಬೀಳುವ ಕ್ಲೋರಿನ್ ಅನಿಲವು ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯ ತರಬಲ್ಲದು.
* ಫಾರ್ಮಾಲಿನ್ ಅಥವಾ ಕೀಟನಾಶಕ ಬಳಸಿದ ಬಕೆಟ್, ಬ್ರಷ್‌ಗಳನ್ನು ಹಾಲಿನ ಪಾತ್ರೆಗಳ ಬಳಿ ತರಬೇಡಿ.
* ರಾಸಾಯನಿಕಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ, ಮಕ್ಕಳ ಕೈಗೆ ಸಿಗದಂತೆ ಇರಿಸಿ.

ಕ್ಯಾನ್ ಹೊಳೆಯುತ್ತಿದ್ದ ಮಾತ್ರಕ್ಕೆ ಶುಚಿಯಾಗಿದೆ ಎಂದಲ್ಲ. ಒಳಗೆ ಕೈಯಾಡಿಸಿದಾಗ ಜಿಡ್ಡು ತಾಗದಿರಬೇಕು, ಮುಚ್ಚಳ ತೆರೆದಾಗ ಹುಳಿ ವಾಸನೆ ಬಾರದಿರಬೇಕು.