ಬಿಟ್ಟಿಯಾಗಿ ಬರುವ ಹೊಸ ಆವೃತ್ತಿ

ಕೊಂಡ ವಸ್ತು ಹಳೆಯದಾದರೆ ಹೊಸದನ್ನು ಮತ್ತೆ ಹಣ ಕೊಟ್ಟೇ ಕೊಳ್ಳಬೇಕೆಂಬುದು ಲೋಕರೂಢಿ. ಹತ್ತು ವರ್ಷಗಳ ಹಿಂದೆ ಕೊಂಡ ಹೊಲಿಗೆಯಂತ್ರವನ್ನು ಅಂಗಡಿಗೆ ಒಯ್ದು, "ಈಗ ಇದಕ್ಕಿಂತ ಉತ್ತಮವಾದುದು ಬಂದಿದೆಯಂತೆ, ಇದನ್ನೂ ಹಾಗೆಯೇ ಮಾಡಿಕೊಡಿ, ಹಣ ಮಾತ್ರ ಕೇಳಬೇಡಿ" ಎಂದರೆ ಅಂಗಡಿಯವನು ನಮ್ಮನ್ನು ವಿಚಿತ್ರವಾಗಿ ನೋಡುವನು. ಗಣಕಯಂತ್ರದ ಲೋಕದಲ್ಲಾದರೋ ಇಂತಹುದೇ ನಡೆಯುತ್ತಿದೆ. ಅಲ್ಲಿ ನಾವು ಕೇಳುವುದಿರಲಿ, ಮಾರಿದವನೇ ನಮ್ಮನ್ನು ಹುಡುಕಿಕೊಂಡು ಬಂದು, ಹೊಸದನ್ನು ತೆಗೆದುಕೊಳ್ಳಿರೆಂದು ದುಂಬಾಲು ಬೀಳುವನು.

2015ನೆಯ ಇಸವಿ ಜುಲೈ 29ರಂದು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ 10 ಆವೃತ್ತಿಯನ್ನು ಹೊರತಂದಿತು. ವಿಂಡೋಸ್ 7 ಅಥವಾ 8.1 ಆವೃತ್ತಿಯನ್ನು ಕ್ರಮಬದ್ಧವಾಗಿ ಪಡೆದು ಬಳಸುತ್ತಿದ್ದವರು ಒಂದು ವರ್ಷದೊಳಗಾಗಿ ಇದನ್ನು ಯಾವ ಬೆಲೆಯನ್ನೂ ತೆರದೆ ಪಡೆಯಬಹುದೆಂದು ಸಾರಿತು. ಅದಕ್ಕೂ ಮೊದಲೇ, 2013ರ ಅಕ್ಟೋಬರ್ 22ರಂದು, ಆಪಲ್ ಸಂಸ್ಥೆ ತನ್ನ ಮ್ಯಾವರಿಕ್ಸ್ ಆವೃತ್ತಿಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯೇ ಇರುವುದರಿಂದ ಪಡೆಯುವವರ ಮನಸ್ಸನ್ನು ಅರಿಯುವುದು ಸುಲಭ. ಆದರೆ ಕೊಡುವವರ ಮನಸ್ಸಿನಲ್ಲಿರುವುದೇನು? ಲಾಭಕ್ಕಾಗಿ ನಡೆಯುವ ಸಂಸ್ಥೆಗಳು ಇಷ್ಟು ಧಾರಾಳಿಗಳಾಗಲು ಕಾರಣವೇನು? ಇದನ್ನು ನಾವು ಕ್ರಮವಾಗಿ ವಿಚಾರ ಮಾಡೋಣ.

ಎರಡು ಮಾತುಗಳ ವಿವರಣೆ

ಗಣಕಯಂತ್ರದ ಒಳಗಿನ ಸಂಸ್ಕಾರಕ, ಸ್ಮೃತಿಕೋಶ, ಪರದೆ, ಕೀಲಿಮಣೆ ಮೊದಲಾದ ಅಂಗಗಳನ್ನು ಒಂದು ಅಂಕೆಯಲ್ಲಿಟ್ಟುಕೊಂಡು, ನಾವು ಬಳಸುವ ಇತರ ಕಾರ್ಯಕ್ರಮಗಳಿಗೆ ಅವುಗಳನ್ನು ಹಂಚಿಕೊಡುವ ಮೂಲ ಸಾಫ್ಟ್‌ವೇರಿಗೆ ಆಪರೇಟಿಂಗ್ ಸಿಸ್ಟಮ್ ಅಥವಾ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಆಂಡ್ರಾಯ್ಡ್, ಲಿನಕ್ಸ್ ಮುಂತಾದುವು ಇಂತಹ ವ್ಯವಸ್ಥೆಗಳು.

ಇದಕ್ಕೆ ಆಗುವ ಬದಲಾವಣೆಗಳು ಎರಡು ಬಗೆ. ಕಂಡುಬಂದ ದೋಷವೊಂದನ್ನು ಮುಚ್ಚಲು ಬರುವ ಸಣ್ಣ ತಿದ್ದುಪಡಿ ಒಂದು. ಇದನ್ನು ತೇಪೆ ಎನ್ನೋಣ. ವ್ಯವಸ್ಥೆಯನ್ನೇ ಹೊಸದಾಗಿ ರೂಪಿಸಿ ಬೇರೆ ಹೆಸರಿನಿಂದಲೋ ಸಂಖ್ಯೆಯಿಂದಲೋ ಹೊರತರುವುದು ಇನ್ನೊಂದು. ಇದು ಹೊಸ ಆವೃತ್ತಿ. ತೇಪೆಯನ್ನು ಬಿಟ್ಟಿಯಾಗಿ ಕೊಡುವುದು ಮಾರಿದವನ ಕರ್ತವ್ಯವೆಂದೇ ಎಣಿಸಬಹುದು. ಹಿಂದೆ ಹಣಕ್ಕೆ ಮಾರುತ್ತಿದ್ದ ಹೊಸ ಆವೃತ್ತಿಯನ್ನೂ ಬಿಟ್ಟಿಯಾಗಿ ಕೊಡುವುದೇ ನಮ್ಮ ಪ್ರಶ್ನೆಗೆ ವಿಷಯ.

ಪ್ರತಿಯ ಬೆಲೆ

ಹೊಲಿಗೆಯಂತ್ರಕ್ಕೂ ಸಾಫ್ಟ್‌ವೇರಿಗೂ ಇರುವ ಮುಖ್ಯ ಭೇದವನ್ನು ಮೊದಲು ಗಮನಿಸಬೇಕು. ಸಾವಿರ ಹೊಲಿಗೆಯಂತ್ರಗಳನ್ನು ಮಾಡಲು ಸಾವಿರ ಯಂತ್ರಗಳಿಗೆ ಬೇಕಾಗುವಷ್ಟು ಉಕ್ಕು ಬೇಕು. ಸಾಫ್ಟ್‌ವೇರಿನಲ್ಲಿ ವೆಚ್ಚವೆಲ್ಲ ಮೊದಲನೆಯ ಪ್ರತಿಯದು. ಎರಡನೆಯದಕ್ಕೆ ತಗಲುವುದು ಅದನ್ನು ಅಂತರಜಾಲದ ಮೂಲಕ ಕಳುಹಿಸುವ ಅತ್ಯಲ್ಪ ಖರ್ಚು ಮಾತ್ರ.

ಒಂದು ವ್ಯವಸ್ಥೆಯನ್ನು ಸಿದ್ಧಪಡಿಸಲು ನೂರು ಕೋಟಿ ರೂಪಾಯಿ ವೆಚ್ಚವಾಯಿತೆಂದು ಭಾವಿಸೋಣ. ಅದನ್ನು ಒಂದು ಲಕ್ಷ ಮಂದಿ ಬಳಸಿದರೆ ತಲೆಗೆ ಬೀಳುವ ವೆಚ್ಚ 10,000 ರೂಪಾಯಿ. ಒಂದು ಕೋಟಿ ಮಂದಿ ಬಳಸಿದರೆ ಕೇವಲ 100 ರೂಪಾಯಿ. ಇನ್ನೂ ಒಬ್ಬನಿಗೆ ಕೊಡುವುದರಿಂದ ಕೊಡುವವನ ಬೊಕ್ಕಸಕ್ಕೆ ನಷ್ಟವಿಲ್ಲವೆಂದೇ ಹೇಳಬೇಕು. ಆದರೆ ಇದರಿಂದ ತಿಳಿಯುವುದು ಬಿಟ್ಟಿಯಾಗಿ ಕೊಡಲು ಸಾಧ್ಯ ಎಂಬುದಷ್ಟೆ. ಕೊಡಲೇಬೇಕೆಂಬ ಆತುರ ಏತಕ್ಕೆ ಎಂಬುದು ಇನ್ನೂ ಉಳಿದಿದೆ.

ಹಳೆಯದರ ಹೊರೆ

ಆ ಆತುರಕ್ಕೆ ಮೊದಲನೆಯ ಕಾರಣ ಹಳೆಯ ಆವೃತ್ತಿಗಳ ಪಾಲನೆ. ಪ್ರತಿಯನ್ನು ಮಾಡಲು ಖರ್ಚಿಲ್ಲದಿದ್ದರೂ, ಮಾಡಿದುದನ್ನು ಕಾಪಾಡಲು ಖರ್ಚು ಉಂಟು. ಒಂದು ಸಂಸ್ಥೆಯ ನಾಲ್ಕು ಆವೃತ್ತಿಗಳು ಬಳಕೆಯಲ್ಲಿರುವುವೆಂದೂ, ಪ್ರತಿಯೊಂದೂ ಐವತ್ತು ಬಗೆಯ ಮುದ್ರಣಯಂತ್ರಗಳೊಡನೆ ಹೊಂದಿಕೊಳ್ಳಬೇಕೆಂದೂ ಊಹಿಸೋಣ. ಒಂದು ತಿದ್ದುಪಡಿಯನ್ನು ಹೊರಬಿಡುವ ಮೊದಲು ಇನ್ನೂರು ಜೋಡಣೆಗಳಲ್ಲಿ ಪರೀಕ್ಷೆ ನಡೆಯಬೇಕಾಗುತ್ತದೆ. ಇದರ ಮೇಲೆ ಹತ್ತು ಬಗೆಯ ಪರದೆಗಳನ್ನೂ ಗಣನೆಗೆ ತೆಗೆದುಕೊಂಡರೆ ಜೋಡಣೆಗಳು ಎರಡು ಸಾವಿರ. ಎಲ್ಲರೂ ಒಂದೇ ಆವೃತ್ತಿಗೆ ಬಂದರೆ ಈ ಸಂಖ್ಯೆ ಐನೂರಕ್ಕೆ ಇಳಿಯುತ್ತದೆ. ಅಂದರೆ ಹೊಸದನ್ನು ಕೊಡುವವನು ಹಳೆಯದರ ಹೊರೆಯನ್ನು ಇಳಿಸಿಕೊಳ್ಳುತ್ತಿರುವನು.

ಈ ಹೊರೆ ಎಷ್ಟೆಂಬುದಕ್ಕೆ ವಿಂಡೋಸ್ ಎಕ್ಸ್‌ಪಿ ಒಳ್ಳೆಯ ನಿದರ್ಶನ. 2001ರ ಅಕ್ಟೋಬರ್‌ನಲ್ಲಿ ಹೊರಬಂದ ಅದನ್ನು 2014ರ ಏಪ್ರಿಲ್ 8ರವರೆಗೆ ಮೈಕ್ರೋಸಾಫ್ಟ್ ಸಾಕಬೇಕಾಯಿತು. ನಡುವೆ ವಿಸ್ತಾ, 7, 8 ಎಂಬ ಮೂರು ಆವೃತ್ತಿಗಳು ಬಂದಿದ್ದುವು. ಹಣ ಕೊಟ್ಟು ಬದಲಾಯಿಸಿರೆಂದರೆ, "ಇರುವುದೇ ಸಾಕು" ಎಂದವರು ಬಹಳ ಮಂದಿ. ಜನರ ಈ ಜಡತ್ವವನ್ನು ಮುರಿಯಲು ಬೆಲೆಯನ್ನು ಸೊನ್ನೆ ಮಾಡುವುದಕ್ಕಿಂತ ಸುಲಭವಾದ ಬಲಪ್ರಯೋಗ ಬೇರೊಂದಿಲ್ಲ.

ಕಾರ್ಯಕ್ರಮಗಳನ್ನು ಬರೆಯುವವರ ದೃಷ್ಟಿಯಿಂದಲೂ ಇದು ಮುಖ್ಯ. ಕನ್ನಡವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸ ವಿಂಡೋಸಿನಲ್ಲಿ ಸೇರಿ ಬಂದುದು ಎಕ್ಸ್‌ಪಿ ಆವೃತ್ತಿಯೊಡನೆ. ಅದರಲ್ಲಿ ಯೂನಿಕೋಡ್ ಕ್ರಮದಿಂದ ಬರೆದ ಕನ್ನಡ ಪತ್ರವನ್ನು ಅದಕ್ಕಿಂತ ಹಿಂದಿನ ಆವೃತ್ತಿಯ ಯಂತ್ರದಲ್ಲಿ ತೆರೆದವರಿಗೆ ಅಕ್ಷರಗಳ ಬದಲು ಬರಿದಾದ ಚೌಕಗಳ ಸಾಲು ಕಾಣಿಸುತ್ತಿದ್ದಿತು. ಹೊಸ ಸೌಕರ್ಯವನ್ನು ಬಳಸಿ ಕಾರ್ಯಕ್ರಮ ಬರೆಯಬೇಕಾದರೆ ಬಹುಜನರ ಯಂತ್ರಗಳಲ್ಲಿ ಆ ಸೌಕರ್ಯ ಇರಬೇಕಷ್ಟೆ. ಒಳ್ಳೆಯ ಕಾರ್ಯಕ್ರಮಗಳು ಹೆಚ್ಚಾದಂತೆ ವ್ಯವಸ್ಥೆಗೆ ಬಳಕೆದಾರರು ಹೆಚ್ಚುವರು. ಬಳಕೆದಾರರು ಹೆಚ್ಚಿದಂತೆ ಕಾರ್ಯಕ್ರಮಗಳು ಹೆಚ್ಚುವುವು.

ತೂತು ಮತ್ತು ತೇಪೆ

ಎರಡನೆಯ ಕಾರಣ ಸುರಕ್ಷತೆ. ಇದರಲ್ಲಿ ಸಂಸ್ಥೆಯ ಹಿತವೂ ನಮ್ಮ ಹಿತವೂ ಒಂದೇ ಕಡೆ ಇರುವುವು.

ತೇಪೆಯೊಂದು ಪ್ರಕಟವಾದ ಕೂಡಲೆ ಒಂದು ಅಪಾಯವೂ ಹುಟ್ಟಿಕೊಳ್ಳುತ್ತದೆ. ತೇಪೆಗೆ ಮೊದಲಿನ ಸಾಫ್ಟ್‌ವೇರನ್ನೂ ಅನಂತರದ ಸಾಫ್ಟ್‌ವೇರನ್ನೂ ಹೋಲಿಸಿ ನೋಡಿದ ಚತುರನಿಗೆ ತೂತು ಎಲ್ಲಿತ್ತೆಂಬುದು ತಿಳಿದುಹೋಗುತ್ತದೆ. ಹೊಸ ಆವೃತ್ತಿಯ ಎಷ್ಟೋ ಭಾಗ ಹಳೆಯದರಿಂದಲೇ ಬಂದಿರುವುದರಿಂದ, ಅದೇ ತೂತು ಹಳೆಯದರಲ್ಲಿಯೂ ಇರಬಹುದು. ಹೊಸದಕ್ಕೆ ಹಾಕಿದ ತೇಪೆ ಹೀಗೆ ಹಳೆಯದರ ತೂತಿನ ಕಡೆಗೆ ಬೆರಳು ತೋರಿಸುತ್ತದೆ.

2017ರ ಘಟನೆಯೊಂದು ಈ ಅಪಾಯವನ್ನು ಲೋಕಕ್ಕೆ ಮನಗಾಣಿಸಿತು. ವಿಂಡೋಸಿನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ತೇಪೆಯನ್ನು ಕೊಟ್ಟಿದ್ದಿತು. ಅದೇ ದೋಷದ ಮೂಲಕ ನುಗ್ಗುವ ವಾನಾಕ್ರೈ ಎಂಬ ದುಷ್ಟ ಕಾರ್ಯಕ್ರಮ ಮೇ 12ರಂದು, ಎಂದರೆ 59 ದಿನಗಳ ಮೇಲೆ, ಹರಡತೊಡಗಿತು. ಅದು ಯಂತ್ರದಲ್ಲಿದ್ದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಬೇಕಾದರೆ ಹಣ ಕೊಡಿ ಎಂದು ಕೇಳುತ್ತಿದ್ದಿತು. ಸುಮಾರು 150 ದೇಶಗಳಿಗೆ ಅದು ಹಬ್ಬಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕಡಮೆಯೆಂದರೆ 80ರ ಕೆಲಸಕ್ಕೆ ತೊಂದರೆಯಾಯಿತು. ಸಾವಿರಾರು ರೋಗಿಗಳ ಚಿಕಿತ್ಸೆಯ ದಿನಗಳನ್ನು ಮುಂದಕ್ಕೆ ಹಾಕಬೇಕಾಯಿತು. ಪಾಲನೆ ನಿಂತು ಮೂರು ವರ್ಷ ಕಳೆದಿದ್ದ ಎಕ್ಸ್‌ಪಿಗೂ ದಾಳಿಯ ಬೆನ್ನಲ್ಲೇ ಮೈಕ್ರೋಸಾಫ್ಟ್ ತೇಪೆಯನ್ನು ಕೊಟ್ಟಿತು.

ಆದರೆ ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಆ ಆರೋಗ್ಯ ಸೇವೆಯಲ್ಲಿ ಸೋಂಕು ತಗುಲಿದ ಯಂತ್ರಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ. ಪಾಲನೆ ಇನ್ನೂ ನಡೆಯುತ್ತಿದ್ದ ವಿಂಡೋಸ್ 7ರವು. ತೇಪೆ ಬಂದಿದ್ದಿತು, ಹಾಕಿಕೊಂಡಿರಲಿಲ್ಲ. ಔಷಧ ಬಿಟ್ಟಿಯಾಗಿ ಬಾಗಿಲಿಗೆ ಬಂದರೂ ಕುಡಿಯದಿದ್ದರೆ ಗುಣವಿಲ್ಲ. ರೋಗ ತಗುಲಿದ ಯಂತ್ರ ಪಕ್ಕದ ಯಂತ್ರಕ್ಕೂ ರೋಗವನ್ನು ಹಬ್ಬಿಸುವುದರಿಂದ ಇದು ಒಬ್ಬರ ಸ್ವಂತ ವಿಷಯವೂ ಅಲ್ಲ. ಎಲ್ಲರಿಗೂ ಉಚಿತವಾಗಿ ಲಸಿಕೆ ಹಾಕುವುದರ ಹಿಂದಿನ ತರ್ಕವೇ ಇಲ್ಲಿಯೂ ಇದೆ.

ಹಣ ಬರುವ ಬೇರೆ ಬಾಗಿಲುಗಳು

ಇಷ್ಟಾದರೂ ಸಂಸ್ಥೆಗೆ ಹಣ ಬರಬೇಕು. ಅದು ಯಾವ ಬಾಗಿಲಿನಿಂದ ಬರುತ್ತದೆಂಬುದು ಆಯಾ ಸಂಸ್ಥೆಯ ಕಸುಬನ್ನು ಅವಲಂಬಿಸಿದೆ.

ಆಪಲ್ ಯಂತ್ರವನ್ನು ಮಾರುವ ಸಂಸ್ಥೆ. ಅದರ ಮ್ಯಾಕ್ ವ್ಯವಸ್ಥೆಯ ಬೆಲೆ 2007ರಲ್ಲಿ 129 ಡಾಲರ್, 2009ರಲ್ಲಿ 29, 2012ರಲ್ಲಿ 19.99, 2013ರಲ್ಲಿ ಸೊನ್ನೆ. ಯಂತ್ರದ ಬೆಲೆಯಲ್ಲಿಯೇ ಮುಂದೆ ಬರುವ ಆವೃತ್ತಿಗಳ ಬೆಲೆಯೂ ಅಡಗಿದೆಯೆಂದು ಇದರ ಅರ್ಥ. ಇದಕ್ಕೆ ಒಂದು ಸ್ವಾರಸ್ಯವಾದ ಸಾಕ್ಷ್ಯವುಂಟು. 2009ರಲ್ಲಿ ಐಫೋನ್ ವ್ಯವಸ್ಥೆಯ ಮೂರನೆಯ ಆವೃತ್ತಿ ಬಂದಾಗ ಐಫೋನ್ ಉಳ್ಳವರಿಗೆ ಅದು ಉಚಿತ. ಐಪಾಡ್ ಟಚ್ ಉಳ್ಳವರಿಗೆ 9.95 ಡಾಲರ್! ಸಾಫ್ಟ್‌ವೇರ್ ಒಂದೇ, ಲೆಕ್ಕ ಬರೆಯುವ ಕ್ರಮ ಬೇರೆ. ಐಫೋನಿನ ಮಾರಾಟದ ಹಣವನ್ನು ಆಪಲ್ ಎರಡು ವರ್ಷಗಳ ಮೇಲೆ ಹರಡಿ ಲೆಕ್ಕ ಹಾಕುತ್ತಿದ್ದುದರಿಂದ, ಆ ಅವಧಿಯಲ್ಲಿ ಕೊಡುವ ಹೊಸ ಸೌಕರ್ಯ ಆ ಹಣದಲ್ಲಿಯೇ ಸೇರಿತ್ತು. ಐಪಾಡಿನ ಹಣವನ್ನು ಮಾರಿದ ಕೂಡಲೆ ಪೂರ್ತಿ ಜಮೆ ಮಾಡಿದ್ದುದರಿಂದ ಮುಂದಿನದಕ್ಕೆ ಬೇರೆ ಬೆಲೆ ಕಟ್ಟಬೇಕಾಯಿತು. ಮರುವರ್ಷದ ಆವೃತ್ತಿ ಎರಡಕ್ಕೂ ಉಚಿತವಾಯಿತು.

ಗೂಗಲ್ ಸಂಸ್ಥೆಯ ಮುಖ್ಯ ವರಮಾನ ಜಾಹೀರಾತಿನದು. ಆಂಡ್ರಾಯ್ಡ್ ಹೆಚ್ಚು ಕೈಗಳಲ್ಲಿದ್ದಷ್ಟೂ ಅದರ ಶೋಧಯಂತ್ರಕ್ಕೆ ಪ್ರಶ್ನೆಗಳು ಹೆಚ್ಚು, ಜಾಹೀರಾತಿಗೆ ಕಣ್ಣುಗಳು ಹೆಚ್ಚು. ಆದರೆ ಫೋನುಗಳನ್ನು ತಯಾರಿಸುವ ಸಂಸ್ಥೆಗಳ ಸ್ಥಿತಿ ಬೇರೆ. ಹಳೆಯ ಫೋನಿಗೆ ಹೊಸ ಆವೃತ್ತಿ ಬಂದರೆ ಹೊಸ ಫೋನಿನ ಮಾರಾಟಕ್ಕೆ ಪೆಟ್ಟು. ಆದುದರಿಂದ ಎಷ್ಟೋ ಫೋನುಗಳು ಒಂದೆರಡು ಆವೃತ್ತಿಗಳಿಗೇ ನಿಂತುಹೋಗುತ್ತಿದ್ದುವು. ಸ್ಪರ್ಧೆ ಹೆಚ್ಚಿದ ಮೇಲೆ, ಗೂಗಲ್ 2023ರಲ್ಲಿ ತನ್ನ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಭರವಸೆಯನ್ನಿತ್ತುವು. ಉಚಿತ ಆವೃತ್ತಿಯೇ ಇಲ್ಲಿ ಮಾರಾಟದ ಆಕರ್ಷಣೆಯಾಯಿತು.

ಮೈಕ್ರೋಸಾಫ್ಟಿನದು ಇವೆರಡರ ನಡುವಿನ ಸ್ಥಿತಿ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ 2014ರ ಫೆಬ್ರವರಿಯಲ್ಲಿ ಅದರ ಮುಖ್ಯಾಧಿಕಾರಿಯಾದ ಮೇಲೆ, ಒಮ್ಮೆ ಮಾರಿ ಮುಗಿಸುವ ವಸ್ತುಗಳಿಗಿಂತ ವರ್ಷವರ್ಷವೂ ಚಂದಾ ತರುವ ಸೇವೆಗಳ ಕಡೆಗೆ ಸಂಸ್ಥೆಯ ಗಮನ ಹೆಚ್ಚಾಗಿ ತಿರುಗಿತು. ಹೊಸ ಗಣಕಗಳ ತಯಾರಕರು ವಿಂಡೋಸಿಗಾಗಿ ಹಣ ತೆರುವುದು ಮುಂದುವರಿಯಿತು. ದೊಡ್ಡ ಸಂಸ್ಥೆಗಳಿಗೆ ಮಾರುವ ಎಂಟರ್‌ಪ್ರೈಸ್ ಆವೃತ್ತಿಯನ್ನು 2015ರ ಉಚಿತ ಕೊಡುಗೆಯಲ್ಲಿ ಸೇರಿಸಿರಲಿಲ್ಲ. ಹಣ ನಿಶ್ಚಯವಾಗಿ ಬರುತ್ತಿದ್ದ ಬಾಗಿಲನ್ನು ಯಾರೂ ಮುಚ್ಚಲಿಲ್ಲ.

ನಾವು ತೆರುವ ಬೆಲೆ

ಹಾಗಾದರೆ ಬಳಕೆದಾರನು ತೆರುವುದೇನೂ ಇಲ್ಲವೆ? ರೂಪಾಯಿಯಲ್ಲಿ ತೆರದಿದ್ದರೂ ಬೇರೆ ನಾಣ್ಯದಲ್ಲಿ ತೆರುವುದುಂಟು.

ಮೊದಲನೆಯ ನಾಣ್ಯ ನಮ್ಮ ವಿಷಯದ ಮಾಹಿತಿ. ವಿಂಡೋಸ್ 10 ಅಗತ್ಯಕ್ಕಿಂತ ಹೆಚ್ಚು ಮಾಹಿತಿಯನ್ನು ಸಂಗ್ರಹಿಸುತ್ತಿದೆಯೆಂದು ಫ್ರಾನ್ಸಿನ ಮಾಹಿತಿ ರಕ್ಷಣಾ ಪ್ರಾಧಿಕಾರ 2016ರ ಜುಲೈನಲ್ಲಿ ಮೈಕ್ರೋಸಾಫ್ಟಿಗೆ ನೋಟೀಸು ಕೊಟ್ಟಿತು. ಸಂಸ್ಥೆ ತಿದ್ದಿಕೊಂಡ ಮೇಲೆ 2017ರಲ್ಲಿ ಅದನ್ನು ಮುಕ್ತಾಯಗೊಳಿಸಿತು. ಎರಡನೆಯದು ನಮ್ಮ ಆಯ್ಕೆಯ ಸ್ವಾತಂತ್ರ್ಯ. 2016ರಲ್ಲಿ ಹೊಸ ಆವೃತ್ತಿಯ ಸೂಚನಾ ಚೌಕಟ್ಟನ್ನು ಮುಚ್ಚಲು ಗುಣಾಕಾರದ ಚಿಹ್ನೆಯನ್ನು ಒತ್ತಿದರೂ ಅದನ್ನು ಒಪ್ಪಿಗೆಯೆಂದೇ ಎಣಿಸಲಾಗುತ್ತಿದ್ದಿತು. ಜನರ ಆಕ್ಷೇಪಣೆಯ ಮೇಲೆ ಆ ಕ್ರಮವನ್ನು ಬದಲಾಯಿಸಿದರು.

ಮೂರನೆಯದು ಎಲ್ಲಕ್ಕಿಂತ ಭಾರವಾದುದು: ಯಂತ್ರವೇ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೂಡ ವಿಂಡೋಸ್ 10 ಉಳ್ಳವರಿಗೆ ಉಚಿತ. ಆದರೆ ಟಿ.ಪಿ.ಎಂ. 2.0 ಎಂಬ ಸುರಕ್ಷಾ ಅಂಗವೂ ಸಾಕಷ್ಟು ಹೊಸದಾದ ಸಂಸ್ಕಾರಕವೂ ಯಂತ್ರದಲ್ಲಿ ಇರಬೇಕೆಂಬುದು ನಿಬಂಧನೆ. ಚೆನ್ನಾಗಿ ನಡೆಯುತ್ತಿದ್ದ ಅನೇಕ ಗಣಕಗಳು ಇದರಿಂದ ಹೊರಗುಳಿದುವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪಾಲನೆ ಮುಗಿಯಿತು. ಇನ್ನೊಂದು ವರ್ಷದ ತೇಪೆಗಳು ಬೇಕೆನ್ನುವವರಿಗೆ ಸಂಸ್ಥೆ ಮುಂದಿಟ್ಟ ದಾರಿಗಳಲ್ಲಿ ಒಂದು 30 ಡಾಲರ್ ಕೊಡುವುದು. ಇನ್ನೊಂದು, ಮೈಕ್ರೋಸಾಫ್ಟಿನ ಖಾತೆಯ ಮೂಲಕ ತಮ್ಮ ಗಣಕದ ಏರ್ಪಾಡುಗಳನ್ನು ಸಂಸ್ಥೆಯ ಉಗ್ರಾಣದಲ್ಲಿ ಇರಿಸುವುದು. ಹಣ, ಇಲ್ಲವೆ ಖಾತೆಯ ಬಂಧನ! ಬಿಟ್ಟಿಯೆಂಬುದರ ಬೆಲೆ ಇಷ್ಟು ಸ್ಪಷ್ಟವಾಗಿ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ.

ಹೀಗೆ ಹೊರಗುಳಿದ ಯಂತ್ರವನ್ನು ಕಸಕ್ಕೆ ಎಸೆಯಬೇಕಾಗಿಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಬೇರೊಂದು ಬಗೆಯ ಉಚಿತ ವ್ಯವಸ್ಥೆ. ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಬ್ಬರು ಪಾಲನೆಯನ್ನು ಬಿಟ್ಟರೂ ಇನ್ನೊಬ್ಬರು ಅದನ್ನು ಎತ್ತಿಕೊಳ್ಳಬಹುದು. ಸಂಸ್ಥೆ ಕೊಡುವ ಉಚಿತ ಆವೃತ್ತಿಯಲ್ಲಿ ಈ ಹಕ್ಕು ಇಲ್ಲ. ಕಾಲೇಜಿನ ಹಳೆಯ ಗಣಕವೊಂದರಲ್ಲಿ ಇದನ್ನು ಸ್ಥಾಪಿಸಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಮೊದಲು ಅದರಲ್ಲಿರುವ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕಷ್ಟೆ.

ಇದುವರೆಗಿನ ವಿಚಾರದಿಂದ ತಿಳಿಯುವುದಿಷ್ಟು. ಉಚಿತ ಆವೃತ್ತಿ ದಾನವೂ ಅಲ್ಲ, ಮೋಸವೂ ಅಲ್ಲ. ಅದು ಒಂದು ವಿನಿಮಯ. ಪ್ರತಿಗೆ ಬೆಲೆಯಿಲ್ಲದ ಕಾರಣ ಅದು ಸಾಧ್ಯವಾಯಿತು. ಹಳೆಯದರ ಹೊರೆ ದೊಡ್ಡದಾದ ಕಾರಣ ಅಗತ್ಯವಾಯಿತು. ಸುರಕ್ಷತೆಯ ತೇಪೆಗಳನ್ನು ನಾವು ತಡಮಾಡದೆ ಹಾಕಿಕೊಳ್ಳಬೇಕು. ಅದರಲ್ಲಿ ನಮ್ಮ ಹಿತವೂ ನೆರೆಯವರ ಹಿತವೂ ಇದೆ. ಹೊಸ ಆವೃತ್ತಿ ಬಂದಾಗ ಮಾತ್ರ ಒಂದು ಗಳಿಗೆ ನಿಂತು, ಇದು ನಮ್ಮಿಂದ ಏನನ್ನು ಕೇಳುತ್ತಿದೆ, ನಮ್ಮ ಯಂತ್ರ ಇದಕ್ಕೆ ತಕ್ಕುದೆ, ಬೇಡವೆಂದರೆ ಎಷ್ಟು ದಿನ ಪಾಲನೆ ಉಂಟು ಎಂಬ ಮೂರು ಪ್ರಶ್ನೆಗಳನ್ನು ಹಾಕಿಕೊಂಡು ಮುಂದಿನ ಗುಂಡಿಯನ್ನು ಒತ್ತುವುದು ಮೇಲು.