ತರಕಾರಿ ಸೂಪಿಗೆ ಚಹಾದ ಘಮ

ಚಹಾ ಎಂದರೆ ನಮಗೆ ಹಾಲು, ಸಕ್ಕರೆ ಹಾಕಿ ಕುದಿಸಿ ಕುಡಿಯುವ ಪಾನೀಯ. ಅದನ್ನು ತರಕಾರಿ ಸೂಪಿಗೂ ಹಾಕಬಹುದು ಎಂದರೆ ಅನೇಕ ಗೃಹಿಣಿಯರು ನಕ್ಕುಬಿಟ್ಟಾರು. ಆದರೆ ಚಹಾಕ್ಕೂ ಉಪ್ಪಿಗೂ ಹಳೆಯ ನಂಟಿದೆ. ಕಾಶ್ಮೀರದ ಮನೆಗಳಲ್ಲಿ ಗುಲಾಬಿ ಬಣ್ಣದ 'ನೂನ್ ಚಾಯ್'ಗೆ ಹಾಕುವುದು ಉಪ್ಪನ್ನೇ. ಬರ್ಮಾದವರಂತೂ ಹುಳಿ ಬರಿಸಿದ ಚಹಾ ಎಲೆಯನ್ನು ನೆಲಗಡಲೆ, ಎಳ್ಳಿನೊಂದಿಗೆ ಕಲಸಿ ತಿನ್ನುತ್ತಾರೆ.

ನಮ್ಮ ಸೂಪಿಗೆ ತೀರಾ ಹತ್ತಿರವಾದುದು ದಕ್ಷಿಣ ಚೀನಾದ ಹಕ್ಕಾ ಜನರ 'ಲೇ ಚಾ'. ವಲಸೆ ಹೋದ ಹಕ್ಕಾ ಕುಟುಂಬಗಳು ಇದನ್ನು ಮಲೇಷ್ಯಾಕ್ಕೂ ಒಯ್ದಿವೆ. ಒಳಗೆಲ್ಲ ಗೀರುಗಳಿರುವ ಮಣ್ಣಿನ ಬೋಗುಣಿಯಲ್ಲಿ ಚಹಾ ಎಲೆ, ಪುದೀನ, ನೆಲಗಡಲೆ, ಎಳ್ಳುಗಳನ್ನು ಮರದ ಕೋಲಿನಿಂದ ಅರೆಯುತ್ತಾರೆ. ಅದಕ್ಕೆ ಬಿಸಿನೀರು ಸುರಿದರೆ ಹಸಿರು ಸಾರು ಸಿದ್ಧ. ಸಣ್ಣಗೆ ಹೆಚ್ಚಿ ಬೇಯಿಸಿದ ತರಕಾರಿಗಳನ್ನು ಅನ್ನದ ಮೇಲೆ ಹರಡಿ, ಈ ಸಾರು ಹೊಯ್ದು ಊಟ ಮಾಡುತ್ತಾರೆ. 'ಲೇ' ಎಂದರೆ ಅರೆಯುವುದು. ಗುಡುಗಿಗೂ ಚೀನೀ ಭಾಷೆಯಲ್ಲಿ ಅದೇ ಉಚ್ಚಾರ ಇರುವುದರಿಂದ ಇಂಗ್ಲಿಷಿನಲ್ಲಿ ಇದು 'ಗುಡುಗು ಚಹಾ' ಆಗಿಬಿಟ್ಟಿದೆ!

ನಮ್ಮ ಅಡುಗೆಮನೆಗೆ ಇಷ್ಟೆಲ್ಲ ಬೇಡ. ನಾಲ್ವರಿಗಾಗುವಷ್ಟು ಸೂಪಿಗೆ ಒಂದು ಲೀಟರ್ ನೀರು, ಒಂದು ಕ್ಯಾರೆಟ್, ಎಂಟು ಹತ್ತು ಬೀನ್ಸ್, ಒಂದು ಹಿಡಿ ಕೋಸು, ಒಂದು ಆಲೂಗಡ್ಡೆ ಸಾಕು. ಎರಡು ಚಮಚ ಎಣ್ಣೆಯಲ್ಲಿ ಈರುಳ್ಳಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ ಬಾಡಿಸಿ. ತರಕಾರಿ, ನೀರು, ಉಪ್ಪು ಹಾಕಿ ಬೇಯಿಸಿ. ಬೆಂದ ಆಲೂಗಡ್ಡೆಯನ್ನು ಅಲ್ಲೇ ಹಿಚುಕಿದರೆ ಸೂಪು ಮಂದವಾಗುತ್ತದೆ, ಕಾರ್ನ್‌ಫ್ಲೋರ್ ಬೇಕಿಲ್ಲ. ಚಹಾವನ್ನು ಮಾತ್ರ ಇದರ ಜೊತೆ ಕುದಿಸಬಾರದು. ಒಂದು ಲೋಟ ಕುದಿಯುವ ನೀರಿಗೆ ಎರಡು ಸಣ್ಣ ಚಮಚ ಎಲೆ ಚಹಾ ಹಾಕಿ ಮುಚ್ಚಿಡಿ. ಮೂರು ನಿಮಿಷಕ್ಕೆ ಸೋಸಿ, ಒಲೆಯಿಂದ ಇಳಿಸಿದ ಸೂಪಿಗೆ ಬೆರೆಸಿ. ಹೆಚ್ಚು ಹೊತ್ತು ಬಿಟ್ಟರೆ ಘಮ ಹೋಗಿ ಒಗರು ಉಳಿಯುತ್ತದೆ. ಪುಡಿ ಚಹಾ ಬೇಗನೆ ಕಡುವಾಗುವುದರಿಂದ ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ. ಕಬ್ಬಿಣದ ಪಾತ್ರೆಯಂತೂ ಬೇಡವೇ ಬೇಡ. ಚಹಾದ ಟ್ಯಾನಿನ್ ಕಬ್ಬಿಣಕ್ಕೆ ಸೇರಿ ಸೂಪು ಶಾಯಿಯಂತೆ ಕಪ್ಪಾಗುತ್ತದೆ. ಕೊನೆಗೆ ಕಾಳುಮೆಣಸಿನ ಪುಡಿ ಉದುರಿಸಿ, ಲಿಂಬೆ ಹಿಂಡಿ. ಲಿಂಬೆ ಬಿದ್ದ ಕೂಡಲೇ ಸೂಪಿನ ಕಂದು ಬಣ್ಣ ತಿಳಿಯಾಗುವುದನ್ನು ನೋಡಲು ಮಕ್ಕಳಿಗೂ ಖುಷಿ.

ಪಾತ್ರೆಯಲ್ಲಿ ನಡೆಯುವ ಈ ಟ್ಯಾನಿನ್ ಆಟ ಹೊಟ್ಟೆಯೊಳಗೂ ನಡೆಯುತ್ತದೆ. ಸೊಪ್ಪು, ಬೇಳೆ, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಅದು ಹಿಡಿದಿಟ್ಟು, ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರ ಸ್ಥಿತಿ ಇದೇ. ಇದಕ್ಕೆ ಚಹಾ ಒಂದೇ ಕಾರಣ ಎಂದಲ್ಲ. ಆದರೆ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಉಂಡು, ಮೇಲೊಂದು ಲೋಟ ಕಡು ಚಹಾ ಕುಡಿದು ಏಳುವ ತಾಯಂದಿರು ಎಷ್ಟು ಮನೆಗಳಲ್ಲಿಲ್ಲ? ಉಂಡ ಅಷ್ಟಿಷ್ಟು ಕಬ್ಬಿಣಾಂಶವೂ ಅವರಿಗೆ ಪೂರ್ತಿ ದಕ್ಕುವುದಿಲ್ಲ.

ಆದ್ದರಿಂದ ಈ ಸೂಪನ್ನು ಊಟದೊಂದಿಗೆ ಬಡಿಸಬೇಡಿ. ಸಂಜೆಯ ಚಹಾದ ಬದಲಿಗೆ, ಊಟಕ್ಕೆ ಒಂದೆರಡು ಗಂಟೆ ಮೊದಲು ಕುಡಿಯುವುದು ಲೇಸು. ಬಸಳೆ, ಪಾಲಕ್, ನುಗ್ಗೆ ಸೊಪ್ಪನ್ನು ಇದಕ್ಕೆ ಹಾಕದೆ ಬೇರೆ ಪಲ್ಯಕ್ಕೆ ಇಟ್ಟುಕೊಳ್ಳಿ. ಗರ್ಭಿಣಿಯರು, ಕಬ್ಬಿಣಾಂಶದ ಮಾತ್ರೆ ನುಂಗುವವರು ಹಾಗೂ ಸಣ್ಣ ಮಕ್ಕಳಿಗೆ ಚಹಾ ಬೆರೆಸುವ ಮೊದಲೇ ಅವರ ಪಾಲಿನ ಸೂಪು ತೆಗೆದಿಟ್ಟು, ಬರೀ ಲಿಂಬೆ ಹಿಂಡಿ ಕೊಡಿ. ಲಿಂಬೆಯ ಸಿ ಜೀವಸತ್ವ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಹೀಗೆ ಒಂದೇ ಪಾತ್ರೆಯಲ್ಲಿ ಇಬ್ಬಗೆಯ ಸೂಪು ಆಗುತ್ತದೆ, ಕೆಲಸವೂ ಹೆಚ್ಚುವುದಿಲ್ಲ. ಚಹಾ ಬೆರೆಸಿದ್ದನ್ನು ಮಾತ್ರ ಆಗಲೇ ಕುಡಿದು ಮುಗಿಸಬೇಕು, ಮತ್ತೆ ಕುದಿಸಿದರೆ ಕಹಿಯಾಗುತ್ತದೆ.